ಹಳೆಯ ಆಟಕ್ಕೊಬ್ಬ ದುಭಾಷಿ

ಮಕ್ಕಳೇ, ನನ್ನ ಮಗ ಶಾಲೆಯಲ್ಲಿದ್ದಾಗ ಆಡುತ್ತಿದ್ದ ‘ಪ್ರಿನ್ಸ್ ಆಫ್ ಪರ್ಷಿಯಾ’ ಈಗಿನ ಕಂಪ್ಯೂಟರಿನಲ್ಲಿ ತೆರೆಯುವುದೇ ಇಲ್ಲ. ಆಟ ಕೆಟ್ಟಿಲ್ಲ. ಅದು 16 ಬಿಟ್ ಡಾಸ್ ಕಾಲದ್ದು. 64 ಬಿಟ್ ವಿಂಡೋಸ್‌ಗೆ ಅದರ ಮಾತು ತಿಳಿಯದು. ನಡುವೆ ದುಭಾಷಿ ಬೇಕು. ಡಾಸ್‌ಬಾಕ್ಸ್ ಎಂಬ ಉಚಿತ ತಂತ್ರಾಂಶ ಹೊಸ ಯಂತ್ರದೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕುತ್ತದೆ, ಆಟ ಓಡುತ್ತದೆ. ವೇಗ ಹೆಚ್ಚಾದರೆ ಕಂಟ್ರೋಲ್ ಜೊತೆ ಎಫ್11 ಒತ್ತಿ, ತೀರಾ ನಿಧಾನವಾದರೆ ಎಫ್12.

1989ರ ಈ ಆಟ ರಚಿಸಿದ ಜೋರ್ಡನ್ ಮೆಕ್ನರ್ ತನ್ನ ತಮ್ಮನನ್ನು ಓಡಿಸಿ, ನೆಗೆಸಿ, ವಿಡಿಯೊ ತೆಗೆದು, ಅದನ್ನು ನೋಡಿ ರಾಜಕುಮಾರನ ಚಿತ್ರ ಬರೆದರು. ಆ ಹುಡುಗ ಇಂದಿಗೂ ಹಾಗೆಯೇ ನೆಗೆಯುತ್ತಾನೆ!

ಅಜ್ಜ, ಅಜ್ಜಿಯರೇ, ಫ್ಲಾಪಿಯಲ್ಲಿರುವುದು ವರ್ಷ ಕಳೆದಂತೆ ಅಳಿಯುತ್ತದೆ. ಕಪಾಟಿನಲ್ಲಿ ಇದ್ದರೆ, ಈ ರಜೆಯಲ್ಲೇ ಮೊಮ್ಮಕ್ಕಳ ಕೈಯಲ್ಲಿ ನಕಲು ಮಾಡಿಸಿಡಿ.