ತೊಗಲಿನ ಮೇಲಿನ ಹೆಸರು, ಬಾಳಿನೊಳಗಿನ ನೆನಪು

ಅಗಲಿದವರನ್ನು ನೆನೆಯುವುದು ಮನುಷ್ಯನ ಸಹಜ ಗುಣ. ಕೆಲವರು ಹೆತ್ತವರ ಹೆಸರಿನಲ್ಲಿ ದಾಸೋಹ ಮಾಡಿಸುತ್ತಾರೆ. ಕೆಲವರು ಸಮಾಧಿಯ ಮುಂದೆ ದೀಪ ಹಚ್ಚುತ್ತಾರೆ. ಇನ್ನು ಕೆಲವರು ಬೇಸಿಗೆಯಲ್ಲಿ ಅರವಟ್ಟಿಗೆ ಇಡಿಸುತ್ತಾರೆ. ಈಗಿನ ಯುವಕರು ಬೇರೊಂದು ದಾರಿ ಹಿಡಿದಿದ್ದಾರೆ. ತಾಯಿಯ ಹೆಸರನ್ನೋ ತಂದೆಯ ಮುಖವನ್ನೋ ತೋಳಿನ ಮೇಲೆ ಹಚ್ಚೆಯಾಗಿ ಬರೆಸಿಕೊಳ್ಳುತ್ತಾರೆ. ಇದು ಸರಿಯೋ ತಪ್ಪೋ ಎಂದು ಹಿರಿಯರು ಕೇಳುತ್ತಿರುತ್ತಾರೆ.

ಈಚೆಗೆ ಅಮಾವಾಸ್ಯೆಯ ದಿನ ರೈತರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಿದ್ದರು. ಮಗ ಬೆಂಗಳೂರಿನಲ್ಲಿ ದುಡಿಯುವವನು. "ಅಜ್ಜಾರ, ಇವನವ್ವ ಸತ್ತು ಇನ್ನೂ ವರ್ಷ ತುಂಬಿಲ್ರಿ. ಮೂರು ಸಾವಿರ ರೂಪಾಯಿ ಸುರುವಿ ಕೈಮ್ಯಾಲೆ ಅವ್ವನ ಹೆಸರು ಬರಸ್ಕೊಂಡು ಬಂದಾನ. ಅಕಿ ದವಾಖಾನ್ಯಾಗ ಇದ್ದಾಗ ಬಾ ಅಂದ್ರ ಬರಲಿಲ್ಲ. ಈಗ ಹೆಸರು ಬರಸ್ಕೊಂಡ್ರ ಏನು ಬಂತ್ರಿ?" ಎಂದು ತಂದೆ ಕಣ್ಣೀರು ತಂದುಕೊಂಡರು. ಹುಡುಗ ತಲೆ ಎತ್ತಲಿಲ್ಲ. "ರಜಾ ಸಿಗಲಿಲ್ರಿ ಅಜ್ಜಾರ. ನಾ ಬರೂದ್ರಾಗ ಅವ್ವ ಹೋಗಿಬಿಟ್ಟಿದ್ಲು. ಆ ತಪ್ಪು ನನಗ ದಿನಾ ಕಾಣಬೇಕಂತ ಬರಸ್ಕೊಂಡೀನ್ರಿ" ಎಂದಷ್ಟೇ ಹೇಳಿದ.

ಪಕ್ಕದಲ್ಲಿ ಕುಳಿತಿದ್ದ ವೃದ್ಧ ತಾಯಿಯೊಬ್ಬರು ಸೆರಗು ಸರಿಸಿ ತಮ್ಮ ಮುಂಗೈ ತೋರಿಸಿದರು. ಹಸಿರು ಮಾಸಿದ ಹಚ್ಚೆ. "ಇದು ಸತ್ತ ನಮ್ಮಣ್ಣನ ಹೆಸರಪ್ಪಾ. ನಾ ಸಾಲಿ ಕಲಿತಾಕಿ ಅಲ್ಲ. ಆದ್ರ ಇದೊಂದು ಹೆಸರು ಬೆರಳಿಟ್ಟು ಓದತೀನಿ" ಎಂದರು. ತಂದೆ ಸುಮ್ಮನಾದರು.

ಹೌದು, ಹಚ್ಚೆ ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಕೊರವಂಜಿಯರು ಊರೂರು ತಿರುಗಿ ಹಚ್ಚೆ ಹೊಯ್ಯುತ್ತಿದ್ದರು. ದೀಪದ ಮಸಿಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಸೂಜಿಯಿಂದ ಚುಚ್ಚಿ, ಮೇಲೆ ಅರಿಶಿನ ಸವರುತ್ತಿದ್ದರು. ಚುಚ್ಚಿಸಿಕೊಳ್ಳುವವಳು ನೋವು ಮರೆಯಲೆಂದು ಹಾಡು ಹೇಳುತ್ತಿದ್ದರು. ಕೂಲಿಯೆಂದು ಮೊರದಲ್ಲಿ ಕಾಳು ಪಡೆಯುತ್ತಿದ್ದರು. ಸತ್ತಾಗ ಮೈಮೇಲಿನ ಬಂಗಾರ ಬಿಚ್ಚಿಕೊಳ್ಳುತ್ತಾರೆ, ಹಚ್ಚೆ ಮಾತ್ರ ನಮ್ಮ ಸಂಗಡ ಬರುತ್ತದೆ ಎಂಬುದು ನಮ್ಮ ಅಜ್ಜಿಯರ ನಂಬಿಕೆಯಾಗಿತ್ತು. ಆದ್ದರಿಂದ ಮಕ್ಕಳ ಹಚ್ಚೆಯನ್ನು ಕಂಡು ಸಿಡುಕುವ ಮೊದಲು ಹಿರಿಯರು ತಮ್ಮ ತಾಯಂದಿರ ಕೈಗಳನ್ನು ನೆನಪಿಸಿಕೊಳ್ಳಬೇಕು.

ಹಾಗೆಂದು ವಿಚಾರ ಅಲ್ಲಿಗೆ ಮುಗಿಯುವುದಿಲ್ಲ. ನಾವು ಹಣೆಗೆ ಧರಿಸುವ ವಿಭೂತಿ ಸ್ನಾನ ಮಾಡಿದೊಡನೆ ಅಳಿಸಿಹೋಗುತ್ತದೆ. ಮತ್ತೆ ಧರಿಸಬೇಕು. ಇಷ್ಟಲಿಂಗವನ್ನು ಒಮ್ಮೆ ಪೂಜಿಸಿದರೆ ಸಾಲದು, ದಿನವೂ ಅಂಗೈಯಲ್ಲಿಟ್ಟು ನೋಡಬೇಕು. ಹೀಗೆ ದಿನದಿನವೂ ಹೊಸದಾಗಿ ಮಾಡುವುದರಿಂದಲೇ ಸ್ಮರಣೆ ಜೀವಂತವಾಗಿ ಉಳಿಯುತ್ತದೆ. ಹಚ್ಚೆಗಾದರೋ ಈ ಶ್ರಮವಿಲ್ಲ. ಒಮ್ಮೆ ಚುಚ್ಚಿಸಿದರೆ ಮುಗಿಯಿತು. ಕೆಲವು ದಿನಗಳಲ್ಲಿ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಹೆಸರು ಕೈಮೇಲಿದ್ದರೂ ಮನಸ್ಸಿನಿಂದ ಜಾರಬಹುದು. ಇದೇ ಅಪಾಯ.

ಆದರೆ ಹಚ್ಚೆ ನಿಜವಾಗಿ ಹೇಗೆ ಉಳಿಯುತ್ತದೆ ಎಂಬುದನ್ನು ತಿಳಿದರೆ ಅದರಲ್ಲಿಯೂ ಒಂದು ಪಾಠವಿದೆ. ಚರ್ಮದ ಮೇಲ್ಪದರ ಸದಾ ಉದುರಿ ಹೊಸದಾಗುತ್ತಿರುತ್ತದೆ. ಬಣ್ಣ ಸೇರುವುದು ಅದರ ಕೆಳಗಿನ ಪದರದಲ್ಲಿ. ಅಲ್ಲಿ ದೇಹವನ್ನು ಕಾಯುವ ಜೀವಕೋಶಗಳು ಆ ಬಣ್ಣವನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಆ ಕೋಶಗಳಿಗೂ ಸಾವುಂಟು. ಒಂದು ಸತ್ತಾಗ ಅದು ಬಿಟ್ಟುಹೋದ ಬಣ್ಣವನ್ನು ಅದರ ಜಾಗಕ್ಕೆ ಬಂದ ಇನ್ನೊಂದು ಎತ್ತಿಕೊಳ್ಳುತ್ತದೆ. ಫ್ರಾನ್ಸಿನ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ಮಾಡಿ 2018ರಲ್ಲಿ ಇದನ್ನು ತೋರಿಸಿಕೊಟ್ಟರು. ನೋಡಿ, ಹೋಗುವವನು ಬಿಟ್ಟದ್ದನ್ನು ಬಂದವನು ಎತ್ತಿಕೊಳ್ಳುವುದರಿಂದಲೇ ಗುರುತು ಉಳಿಯುತ್ತದೆ! ಹಿರಿಯರ ನೆನಪೂ ಹೀಗೆಯೇ.

ಇದಕ್ಕೆ ನಮ್ಮ ನಾಡಿನಲ್ಲಿಯೇ ಉದಾಹರಣೆಯುಂಟು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತಮ್ಮ 46ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅನೇಕ ಅಭಿಮಾನಿಗಳು ಅವರ ಮುಖವನ್ನು ಎದೆಯ ಮೇಲೆ, ತೋಳಿನ ಮೇಲೆ ಬರೆಸಿಕೊಂಡರು. 2006ರಲ್ಲಿ ತಂದೆ ಡಾ. ರಾಜ್‌ಕುಮಾರ್ ಅವರ ನೇತ್ರದಾನವಾಗಿತ್ತು. ಮಗನೂ ಅದೇ ಹಾದಿಯಲ್ಲಿ ನಡೆದರು. ಅವರ ಕಣ್ಣುಗಳಿಂದ ನಾಲ್ವರಿಗೆ ಬೆಳಕು ಸಿಕ್ಕಿತು. ಅದನ್ನು ಕಂಡು ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು. ಎದೆಯ ಮೇಲೆ ಮುಖ ಬರೆಸಿಕೊಂಡವರನ್ನು ನಾವು ಹಳಿಯುವುದಿಲ್ಲ. ಆದರೆ ನೇತ್ರದಾನಕ್ಕೆ ಹೆಸರು ಬರೆಸಿದವರು ಅಗಲಿದವರು ಬಿಟ್ಟುಹೋದ ಕೆಲಸವನ್ನೇ ಎತ್ತಿಕೊಂಡರು.

ಹಚ್ಚೆ ಹಾಕಿಸಿಕೊಳ್ಳಲೇಬೇಕೆನ್ನುವ ಯುವಕರಿಗೆ ಕೆಲವು ಕಿವಿಮಾತು. ಜಾತ್ರೆಯ ಗದ್ದಲದಲ್ಲಿ ಒಂದೇ ಸೂಜಿಯಿಂದ ಹತ್ತಾರು ಜನರಿಗೆ ಚುಚ್ಚುವಲ್ಲಿ ಕೈ ಕೊಡಬೇಡಿ. ಕಾಮಾಲೆಯ ಸೋಂಕು, ಏಡ್ಸ್ ರೋಗದ ಸೋಂಕು ಸೂಜಿಯಿಂದ ಹರಡುತ್ತವೆ. ಹೊಸ ಸೂಜಿಯನ್ನು ಕಣ್ಣೆದುರೇ ಬಿಚ್ಚಿಸಿ. ಹಚ್ಚೆ ಹಾಕಿಸಿಕೊಂಡವರು ಒಂದು ವರ್ಷ ರಕ್ತದಾನ ಮಾಡುವಂತಿಲ್ಲ ಎಂಬುದು ನೆನಪಿರಲಿ. ಸೇನೆ ಸೇರುವ ಆಸೆಯಿದ್ದವರು ಮೊದಲು ಅಲ್ಲಿಯ ನಿಯಮ ಕೇಳಿಕೊಳ್ಳಲಿ. ಮೈಮೇಲೆ ಎಲ್ಲೆಂದರಲ್ಲಿ ಹಚ್ಚೆಯಿದ್ದರೆ ಅಲ್ಲಿ ತೆಗೆದುಕೊಳ್ಳುವುದಿಲ್ಲ.

ಆ ಹುಡುಗನಿಗೆ ಒಂದೇ ಮಾತು ಕೇಳಿದೆವು. "ನಿನ್ನ ತಾಯಿ ದಿನವೂ ತಪ್ಪದೆ ಮಾಡುತ್ತಿದ್ದ ಕೆಲಸ ಯಾವುದಪ್ಪಾ?" ಆತ ಸ್ವಲ್ಪ ಹೊತ್ತು ಯೋಚಿಸಿದ. "ಸಂಜೀಕ ಅಪ್ಪ ಹೊಲದಿಂದ ಬರೂತನಕಾ ಅವ್ವ ಉಣ್ಣತಿದ್ದಿಲ್ರಿ. ಬಂದ ಮ್ಯಾಲೆ ಕೂಡೇ ಉಣ್ಣತಿದ್ಲು" ಎಂದ. ಈಗ ಆ ತಂದೆ ಒಬ್ಬರೇ ಉಣ್ಣುತ್ತಾರೆ. "ದೂರದ ಊರಿನಲ್ಲಿರುವ ನೀನು ದಿನವೂ ಬರಲಾರೆ. ಆದರೆ ಆ ಹೊತ್ತಿಗೆ ಫೋನ್ ಮಾಡಿ, ಊಟ ಆಯಿತೇ ಎಂದು ಕೇಳಬಲ್ಲೆ. ತಿಂಗಳಿಗೊಮ್ಮೆ ಬಂದು ಜೊತೆಗೆ ಕುಳಿತು ಉಣ್ಣಬಲ್ಲೆ. ಹೋದವಳ ಹೆಸರು ಕೈಮೇಲಿದೆ. ಇರುವವರ ಕೈ ಬಿಡಬೇಡ" ಎಂದೆವು. ಅಂದು ತಂದೆ ಮಗ ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರು.

ಸದ್ಭಕ್ತರೇ, ಹಚ್ಚೆ ಹಾಕಿಸಿಕೊಂಡರೂ ಸರಿ, ಬಿಟ್ಟರೂ ಸರಿ. ಹೋದವರು ಬಿಟ್ಟುಹೋದ ಒಂದು ಒಳ್ಳೆಯ ಕೆಲಸವನ್ನು ಮನೆಯಲ್ಲಿ ಯಾರಾದರೊಬ್ಬರು ಎತ್ತಿಕೊಳ್ಳಲಿ. ಆ ಗುರುತು ದೇಹ ಮಣ್ಣಾದ ಮೇಲೂ ಅಳಿಯುವುದಿಲ್ಲ.