ಟಿಪ್ಸ್ ಸಾಕು, ಕಾರಣ ಹೇಳಿ

ನಿಂಬೆಹಣ್ಣಿನ ಸಿಪ್ಪೆಯಿಂದ ತಿಕ್ಕಿದರೆ ನಲ್ಲಿ ಹೊಳೆಯುತ್ತದೆ. ಒಪ್ಪಿದೆ. ಬೇಳೆ ಡಬ್ಬಕ್ಕೆ ನಾಲ್ಕು ಒಣಮೆಣಸಿನಕಾಯಿ ಹಾಕಿಟ್ಟರೆ ಹುಳ ಬೀಳುವುದು ಕಡಿಮೆ. ಅದನ್ನೂ ಒಪ್ಪಿದೆ. ಇಂಥ ಸಲಹೆಗಳ ಮೇಲೆ ನನಗೆ ಸಿಟ್ಟಿಲ್ಲ. ಹೆಂಗಸರಿಗೆ ಇಷ್ಟು ಕೊಟ್ಟರೆ ಸಾಕು ಎಂದು ತೀರ್ಮಾನಿಸಿ ಕೂತವರ ಮೇಲೆ ಸಿಟ್ಟಿದೆ.

ಪತ್ರಿಕೆಯ ಮಹಿಳಾ ಪುಟ ತೆಗೆಯಿರಿ, ಟಿವಿಯ ಮಧ್ಯಾಹ್ನದ ಕಾರ್ಯಕ್ರಮ ನೋಡಿ, ವಾಟ್ಸಾಪ್ ಗುಂಪಿಗೆ ಬೆಳಗಾಗೆದ್ದು ಬಂದು ಬೀಳುವ ಸಂದೇಶಗಳನ್ನು ಓದಿ. ಎಲ್ಲೆಲ್ಲೂ ಟಿಪ್ಸ್. ಫೋನ್ ಹೀಗೆ ಒರೆಸಿ, ತರಕಾರಿ ರಾತ್ರಿಯೇ ಹೆಚ್ಚಿಡಿ, ಚಿಲ್ಲರೆ ಕಾಸನ್ನು ಸಾಸಿವೆ ಡಬ್ಬದಲ್ಲಿ ಕೂಡಿಡಿ. ಇವುಗಳ ಲಕ್ಷಣವೊಂದನ್ನು ಗಮನಿಸಿದ್ದೀರಾ? ಏನು ಮಾಡಬೇಕೆಂದು ಹೇಳುತ್ತವೆ, ಯಾಕೆ ಎಂದು ಹೇಳುವುದಿಲ್ಲ. ಯಾಕೆ ಎಂದು ಗೊತ್ತಿಲ್ಲದ ಮೇಲೆ ಸರಿ ಯಾವುದು, ತಪ್ಪು ಯಾವುದು ಎಂದು ಬೇರ್ಪಡಿಸುವುದು ಹೇಗೆ? ಅಕ್ಕಿಯಲ್ಲಿ ಕಲ್ಲು ಆರಿಸುವ ನಮಗೆ ಮಾತಿನಲ್ಲಿ ಕಲ್ಲು ಆರಿಸುವುದನ್ನು ಯಾರೂ ಕಲಿಸಲಿಲ್ಲ.

ಅಕ್ಕಿಯ ಮಾತು ಬಂತು. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿ ಡಬ್ಬದಲ್ಲಿ ಹೂತಿಡಬೇಕು ಎಂಬುದು ನಮ್ಮ ಕಾಲದ ಬಲು ಪ್ರಸಿದ್ಧ ಟಿಪ್ಸ್. 2024ರಲ್ಲಿ ಆಪಲ್ ಕಂಪೆನಿಯೇ ತನ್ನ ಗ್ರಾಹಕರಿಗೆ ಹಾಗೆ ಮಾಡಬೇಡಿ ಎಂದು ಹೇಳಿತು. ಅಕ್ಕಿಯ ಸಣ್ಣ ಪುಡಿ ಒಳಗೆ ಸೇರಿ ಫೋನು ಇನ್ನಷ್ಟು ಕೆಡಬಹುದು. ಚಾರ್ಜರ್ ಸಿಕ್ಕಿಸುವ ತೂತನ್ನು ಕೆಳಮುಖ ಮಾಡಿ, ಮೆಲ್ಲಗೆ ತಟ್ಟಿ ನೀರು ಹೊರಹಾಕಿ, ಗಾಳಿಯಾಡುವ ಕಡೆ ಇಟ್ಟರಾಯಿತು. ಒದ್ದೆಯಾಗಿರುವಾಗ ಚಾರ್ಜ್‌ಗೆ ಹಾಕಬಾರದು, ಏಕೆಂದರೆ ನೀರಿರುವ ಕಡೆ ವಿದ್ಯುತ್ ಹರಿದರೆ ಒಳಗಿನ ಭಾಗಗಳು ತುಕ್ಕು ಹಿಡಿದು ಸುಡುತ್ತವೆ. ಈ 'ಏಕೆಂದರೆ' ಗೊತ್ತಿದ್ದವಳಿಗೆ ಅಕ್ಕಿ ಡಬ್ಬದ ನೆನಪೇ ಬಾರದು.

ಇನ್ನೊಂದು ನೋಡಿ. ಎಟಿಎಂನಲ್ಲಿ ಕಳ್ಳ ಬೆದರಿಸಿದರೆ ನಿಮ್ಮ ಗುಟ್ಟಿನ ಸಂಖ್ಯೆಯನ್ನು ಹಿಂದುಮುಂದಾಗಿ ಒತ್ತಿ, ಪೊಲೀಸರಿಗೆ ಸುದ್ದಿ ಹೋಗುತ್ತದೆ ಎಂಬ ಸಂದೇಶ ವರ್ಷಗಳಿಂದ ಸುತ್ತುತ್ತಿದೆ. ನಮ್ಮ ಎಟಿಎಂಗಳಲ್ಲಿ ಅಂಥ ವ್ಯವಸ್ಥೆ ಇಲ್ಲ. ಒಂದು ನಿಮಿಷ ಯೋಚಿಸಿದರೆ ನಮಗೇ ಹೊಳೆಯುತ್ತಿತ್ತು. 1221 ಎಂಬ ಸಂಖ್ಯೆ ಇಟ್ಟುಕೊಂಡವಳು ಅದನ್ನು ಹಿಂದುಮುಂದು ಮಾಡುವುದು ಹೇಗೆ? ಹತ್ತು ರೂಪಾಯಿ ನಾಣ್ಯದ ಕಥೆಯೂ ಇದೇ. 'ಇದು ನಡೆಯಲ್ಲಮ್ಮ' ಎಂದು ಅಂಗಡಿಯವರು ತಿರುಗಿಸಿ ಕೊಟ್ಟರೆ ನಾವು ಸುಮ್ಮನೆ ಪರ್ಸಿಗೆ ಹಾಕಿಕೊಂಡು ಬರುತ್ತೇವೆ. ಆ ನಾಣ್ಯ ಹದಿನಾಲ್ಕು ವಿನ್ಯಾಸಗಳಲ್ಲಿ ಬಂದಿದೆ, ಎಲ್ಲವೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರಲ್ಲೇ ಸ್ಪಷ್ಟಪಡಿಸಿದೆ. ಮುಂದಿನ ಸಲ ಈ ಮಾತನ್ನು ಗಟ್ಟಿಯಾಗಿ ಹೇಳಿ ನೋಡಿ.

ಇನ್ನು ಕೆಲಸದ ಟಿಪ್ಸ್‌ಗಳಿಗೆ ಬರೋಣ. ಅರ್ಧ ಗಂಟೆಯಲ್ಲಿ ಅಡುಗೆ ಮುಗಿಸುವುದು ಹೇಗೆ, ಭಾನುವಾರವೇ ವಾರದ ಮಸಾಲೆ ರುಬ್ಬಿಡುವುದು ಹೇಗೆ. ಎಲ್ಲವೂ ಸಮಯ ಉಳಿಸುವ ಉಪಾಯಗಳೇ. ಹಾಗೆ ಉಳಿದ ಸಮಯ ಎಲ್ಲಿಗೆ ಹೋಯಿತು ಎಂದು ಯಾವ ಪುಟವೂ ಕೇಳುವುದಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕಾಗಿ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಆ ಕೆಲಸ ಮಾಡುವ ಗಂಡಸರು 88 ನಿಮಿಷ. ಇದು ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಕೈಹಾಕದವರು ಇದರಲ್ಲಿ ಸೇರಿಲ್ಲ. ನನಗೆ ಬೇಕಾದ ಟಿಪ್ಸ್ ಒಂದೇ: 289 ಕೆಳಗಿಳಿದು 88 ಮೇಲೇರುವುದು ಹೇಗೆ? ಅದನ್ನು ಗಂಡಸರು ಓದುವ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿ.

ನಾನು ಬಿ.ಎ. ಓದಿ ಸಮಾಜ ವಿಜ್ಞಾನದ ಪಾಠ ಹೇಳುವವಳು. ಕರೆಂಟಿನ ವಿದ್ಯೆ ನನ್ನದಲ್ಲ. ಆದರೂ ಒಂದು ಸಾಲು ಕಲಿತರೆ ನೂರು ಟಿಪ್ಸ್ ಬೇಡವೆಂದು ಬಲ್ಲೆ. ಸಾವಿರ ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಎರಡು ಸಾವಿರ ವ್ಯಾಟಿನ ಗೀಸರ್ ಅರ್ಧ ಗಂಟೆಯಲ್ಲಿ ಆ ಒಂದು ಯೂನಿಟ್ ನುಂಗುತ್ತದೆ. ಒಂಬತ್ತು ವ್ಯಾಟಿನ ಎಲ್ಇಡಿ ಬಲ್ಬಿಗೆ ಅಷ್ಟೇ ವಿದ್ಯುತ್ 110 ಗಂಟೆಗಿಂತ ಹೆಚ್ಚು ಸಾಲುತ್ತದೆ. ದೇವರ ಮನೆಯ ದೀಪ ಆರಿಸಲಿಲ್ಲವೆಂದು ಸೊಸೆಯನ್ನು ಗದರುವ ಯಜಮಾನರು ಗೀಸರ್ ಹಾಕಿಟ್ಟು ಪೇಪರ್ ಓದುತ್ತಾ ಕೂತಿದ್ದರೆ ಉತ್ತರ ಕೊಡಲು ಈ ಲೆಕ್ಕ ಬೇಕು. ಉಪಕರಣದ ಹಿಂದಿನ ಚೀಟಿಯಲ್ಲಿ ವ್ಯಾಟ್ ಬರೆದಿರುತ್ತದೆ. ಗುಣಿಸಲು ನಾಲ್ಕನೆಯ ತರಗತಿಯ ಗಣಿತ ಸಾಕು.

ದುಡ್ಡಿನ ವಿಷಯದಲ್ಲಂತೂ ನಮ್ಮನ್ನು ಸಾಸಿವೆ ಡಬ್ಬದಿಂದ ಮೇಲೇಳಲು ಬಿಟ್ಟೇ ಇಲ್ಲ. ಡಬ್ಬದಲ್ಲಿಟ್ಟ ಕಾಸು ಮರಿ ಹಾಕುವುದಿಲ್ಲ. 72ನ್ನು ಬಡ್ಡಿಯ ದರದಿಂದ ಭಾಗಿಸಿ; ಅಷ್ಟು ವರ್ಷಕ್ಕೆ ಹಣ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ಶೇಕಡಾ 6ರಲ್ಲಿ 12 ವರ್ಷ, ಶೇಕಡಾ 8ರಲ್ಲಿ 9 ವರ್ಷ. ಸಾಲಕ್ಕೂ ಇದೇ ಲೆಕ್ಕ. 'ನೂರಕ್ಕೆ ಎರಡೇ ರೂಪಾಯಿ ಅಕ್ಕಾ' ಎಂದು ಕೈಸಾಲ ಕೊಡುವವರು ಹೇಳುವುದು ತಿಂಗಳ ಬಡ್ಡಿ. ವರ್ಷಕ್ಕೆ 24. ಬಡ್ಡಿ ಕಟ್ಟದೆ ಬೆಳೆಯಲು ಬಿಟ್ಟರೆ ಮೂರು ವರ್ಷಕ್ಕೆ ಸಾಲ ಎರಡರಷ್ಟು.

ಕಂತಿನ ಸಾಲದಲ್ಲಿ ಇನ್ನೊಂದು ಕೈಚಳಕವಿದೆ. ಹನ್ನೆರಡು ಸಾವಿರ ಸಾಲ, ಶೇಕಡಾ 12 ಫ್ಲ್ಯಾಟ್ ಬಡ್ಡಿ, ಹನ್ನೆರಡು ಕಂತು. ಬಡ್ಡಿ 1,440 ಸೇರಿಸಿ ತಿಂಗಳಿಗೆ 1,120 ರೂಪಾಯಿ. ಕೇಳಲು ಸುಲಭ. ಆದರೆ ಆರು ಕಂತು ಕಟ್ಟುವ ಹೊತ್ತಿಗೆ ಸಾಲ ಅರ್ಧ ತೀರಿರುತ್ತದೆ, ಬಡ್ಡಿ ಮಾತ್ರ ಪೂರ್ತಿ ಹನ್ನೆರಡು ಸಾವಿರಕ್ಕೆ ಕಟ್ಟುತ್ತಲೇ ಇರುತ್ತೀರಿ. ಉಳಿದ ಅಸಲಿನ ಮೇಲೆ ಲೆಕ್ಕ ಹಾಕಿದರೆ ನಿಜವಾದ ದರ ಶೇಕಡಾ 21ಕ್ಕೂ ಹೆಚ್ಚು. ಫ್ರಿಜ್ಜಿಗೋ ಸಂಘದ ಸಾಲಕ್ಕೋ ಸಹಿ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: 'ಬಡ್ಡಿ ಪೂರ್ತಿ ಸಾಲಕ್ಕೋ, ಉಳಿದ ಸಾಲಕ್ಕೋ?' ಕೇಳಿದ ಕೂಡಲೇ ಎದುರಿಗಿದ್ದವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ.

ಮನರಂಜನೆಗೂ ಈಗ ಲೆಕ್ಕ ಬೇಕು. ಧಾರಾವಾಹಿಯ ನಾಯಕಿ ಯಾವ ಸೀರೆ ಉಟ್ಟಳು, ಎಷ್ಟು ಸಂಭಾವನೆ ಪಡೆದಳು ಎಂಬ ಸುದ್ದಿ ನಮಗೆ ಧಾರಾಳವಾಗಿ ಸಿಗುತ್ತದೆ. ಆ ಧಾರಾವಾಹಿ ತೋರಿಸುವ ಆ್ಯಪ್ 'ಮೊದಲ ತಿಂಗಳು ಉಚಿತ' ಎಂದಾಗ ನಮ್ಮಿಂದ ಯಾವುದಕ್ಕೆ ಒಪ್ಪಿಗೆ ಒತ್ತಿಸಿಕೊಂಡಿತು ಎಂದು ಹೇಳುವವರಿಲ್ಲ. ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದರೆ ಎರಡನೆಯ ತಿಂಗಳಿಂದ ಹಣ ತಾನಾಗಿ ಹೋಗುತ್ತದೆ. ಹೋಗುವುದಕ್ಕೆ ಕನಿಷ್ಠ 24 ಗಂಟೆ ಮೊದಲು ಗ್ರಾಹಕರಿಗೆ ತಿಳಿಸಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2021ರ ಅಕ್ಟೋಬರ್‌ನಿಂದ ಇದೆ. ಆ ಸಂದೇಶ ಬರುತ್ತದೆ, ಆದರೆ ಖಾತೆಗೆ ಯಾರ ಫೋನ್ ನಂಬರ್ ಕೊಟ್ಟಿದ್ದೀರೋ ಅವರಿಗೆ ಬರುತ್ತದೆ.

ನಾನು ಹೇಳಬೇಕೆಂದಿದ್ದ ಮಾತಿನ ಬೇರು ಇಲ್ಲಿದೆ. ಯಾರ ಫೋನು? ಯಾರ ನಂಬರು?

ನಮ್ಮ ಬೀದಿಯ ಹಿರಿಯರೊಬ್ಬರಿಗೆ ಗೃಹಲಕ್ಷ್ಮಿ ಹಣ ಬರುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ಯೋಜನೆ, ತಿಂಗಳಿಗೆ 2,000 ರೂಪಾಯಿ, ಮನೆಯ ಯಜಮಾನಿಯ ಖಾತೆಗೇ. 'ಈ ತಿಂಗಳದ್ದು ಬಂತೇನ್ರೀ?' ಎಂದು ಕೇಳಿದೆ. 'ನಂಗೇನು ಗೊತ್ತು ಟೀಚರಮ್ಮ, ಮೆಸೇಜು ಮಗನ ಫೋನಿಗೆ ಬರತ್ತೆ, ಕಾರ್ಡೂ ಅವನತ್ರಾನೇ ಇದೆ, ನಂಬರೂ ಅವನಿಗೇ ಗೊತ್ತು' ಎಂದರು. ಮಗ ಕೆಟ್ಟವನಲ್ಲ. ಕೇಳಿದರೆ ಕೊಡುತ್ತಾನೆ. ಆದರೆ ತನ್ನ ಹಣವನ್ನು ಆಕೆ ಕೇಳಿ ಪಡೆಯಬೇಕು! ಸರ್ಕಾರ ಹೆಸರು ಬರೆದದ್ದು ಯಜಮಾನಿ ಎಂದು. ಮನೆ ಅದನ್ನು ತಿದ್ದಿ ಬರೆದುಕೊಂಡಿತು.

ಸಂಬಳ ತರುವ ಹೆಂಗಸರೂ ಇದಕ್ಕೆ ಹೊರತಲ್ಲ. ನಮ್ಮ ಸ್ಟಾಫ್ ರೂಮಿನಲ್ಲೇ 'ನಮ್ಮ ಮನೇಲಿ ಅದನ್ನೆಲ್ಲ ಅವರೇ ನೋಡ್ಕೋತಾರೆ ಮೇಡಂ' ಎಂಬ ಮಾತು ಹೆಮ್ಮೆಯಿಂದ ಬರುತ್ತದೆ. ಹಾಗೆ ಹೇಳುತ್ತಿದ್ದ ಪರಿಚಯದ ಒಬ್ಬರ ಯಜಮಾನರು ಹಠಾತ್ತಾಗಿ ತೀರಿಕೊಂಡರು. ಠೇವಣಿ ಯಾವ ಬ್ಯಾಂಕಿನಲ್ಲಿದೆ, ವಿಮೆಯ ಕಾಗದ ಎಲ್ಲಿದೆ, ಫೋನು ತೆರೆಯುವುದು ಹೇಗೆ, ಒಂದೂ ಗೊತ್ತಿಲ್ಲ. ಹದಿಮೂರನೆಯ ದಿನ ಕಳೆದ ಮೇಲೆ ಆಕೆ ಅತ್ತದ್ದು ಗಂಡನಿಗಾಗಿ ಎಷ್ಟೋ, ಬ್ಯಾಂಕಿನ ಕೌಂಟರಿನ ಮುಂದೆ ನಿಂತ ಅವಮಾನಕ್ಕಾಗಿ ಎಷ್ಟೋ. ನಲ್ಲಿ ಹೊಳೆಯಿಸುವ ಎಲ್ಲ ಉಪಾಯವೂ ಆಕೆಗೆ ಗೊತ್ತಿತ್ತು.

ಆದ್ದರಿಂದ ಮಹಿಳಾ ಪುಟಗಳು ಬಿಟ್ಟುಬಿಡುವ ಕೆಲವು ಮಾತುಗಳನ್ನು ನಾನೇ ಹೇಳುತ್ತೇನೆ, ಕಾರಣ ಸಮೇತ.

ನಿಮ್ಮ ಖಾತೆಗೆ ನಿಮ್ಮದೇ ಫೋನ್ ನಂಬರ್ ಇರಲಿ, ಏಕೆಂದರೆ ಓಟಿಪಿ ಯಾರ ಕೈಗೆ ಬರುತ್ತದೋ ಖಾತೆ ಅವರ ಕೈಯಲ್ಲಿದೆ. ಪಿನ್ ಯಾರಿಗೂ ಹೇಳಬೇಡಿ. ಪ್ರೀತಿ ಕಡಿಮೆಯೆಂದು ಇದರ ಅರ್ಥವಲ್ಲ. ಗ್ರಾಹಕರು ತಾವೇ ಗುಟ್ಟು ಬಿಟ್ಟುಕೊಟ್ಟು ಹಣ ಹೋದರೆ, ಬ್ಯಾಂಕಿಗೆ ದೂರು ಕೊಡುವವರೆಗಿನ ನಷ್ಟ ಪೂರ್ತಿ ಅವರದೇ ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ಹೇಳಿದೆ. ಫೋನಿನಲ್ಲಿ ಹಣ ಪಡೆಯಲು ಪಿನ್ ಬೇಕಿಲ್ಲ, ಕೊಡಲು ಮಾತ್ರ ಬೇಕು. 'ನಿಮಗೆ ಹಣ ಹಾಕ್ತೀವಿ, ಪಿನ್ ಒತ್ತಿ' ಎಂದವನು ಕಳ್ಳ ಎಂದು ತಿಳಿಯಲು ಇಷ್ಟು ಸಾಕು. ಮೋಸವಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಏಕೆಂದರೆ ಹಣ ಖಾತೆಯಿಂದ ಖಾತೆಗೆ ದಾಟುವ ಮೊದಲು ತಡೆಯಬೇಕು. ಬೈಗುಳಕ್ಕೆ ಹೆದರಿ ಸಂಜೆ ಯಜಮಾನರು ಬರುವವರೆಗೆ ಕಾಯುವ ನಾಲ್ಕು ಗಂಟೆಯೇ ಕಳ್ಳನ ಬಂಡವಾಳ.

ನಾಮಿನಿ ಯಾರೆಂದು ತಿಳಿದುಕೊಳ್ಳಿ. ಬ್ಯಾಂಕಿನ ನಾಮಿನಿಗೆ ಹಣ ಪಡೆಯುವ ಹಕ್ಕಿದೆ, ಆದರೆ ಕಾನೂನಿನ ವಾರಸುದಾರರ ಪಾಲು ಅದರಿಂದ ಅಳಿಸಿಹೋಗುವುದಿಲ್ಲ. 2025ರ ನವೆಂಬರ್ 1ರಿಂದ ಒಂದು ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು. ಮರೆತುಹೋದ ಹಳೆಯ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ 'ಉದ್ಗಮ್' ಎಂಬ ವ್ಯವಸ್ಥೆ ತಂದಿದೆ. ಇನ್ನು ಒಡವೆ. 2023ರ ಏಪ್ರಿಲ್‌ನಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಅಕ್ಷರ, ಅಂಕಿ ಸೇರಿದ ಆರು ಗುರುತುಗಳ ಸಂಖ್ಯೆ ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಚಿನ್ನದ ಶುದ್ಧತೆಯ ವಿವರ ಬರುತ್ತದೆ. ಬಂಗಾರದ ಅಂಗಡಿಯಲ್ಲಿ ಡಿಸೈನಿಗೆ ಕೊಡುವ ಒಂದು ಗಂಟೆಯಲ್ಲಿ ಎರಡು ನಿಮಿಷ ಇದಕ್ಕೆ ಕೊಡಿ.

'ಮನೆ, ಮಕ್ಕಳು, ನೌಕರಿ ಅಂತ ಒದ್ದಾಡುವವರಿಗೆ ಉದ್ದುದ್ದ ವಿವರಣೆ ಓದಲು ಪುರುಸೊತ್ತೆಲ್ಲಿ? ಅದಕ್ಕೇ ನಾಲ್ಕು ಸಾಲಿನ ಟಿಪ್ಸ್' ಎಂದು ಸಂಪಾದಕರು ಹೇಳಬಹುದು. ಚಿಕ್ಕದಾಗಿ ಬರೆಯುವುದಕ್ಕೆ ನನ್ನ ವಿರೋಧವಿಲ್ಲ. 'ಹಣ ಪಡೆಯಲು ಪಿನ್ ಬೇಡ' ಎಂಬುದು ನಾಲ್ಕೇ ಪದ. ಪುರುಸೊತ್ತಿಲ್ಲದವಳಿಗೆ ಕಡಿಮೆ ಪದ ಕೊಡಿ, ಕಡಿಮೆ ತಿಳಿವಳಿಕೆ ಕೊಡಬೇಡಿ. 'ಅವರಿಗೆ ಇಂಥವೇ ಇಷ್ಟ' ಎಂಬ ಇನ್ನೊಂದು ಮಾತಿದೆ. ದಿನವೂ ಉಪ್ಪಿಟ್ಟನ್ನೇ ಬಡಿಸಿ, ಇವರಿಗೆ ಉಪ್ಪಿಟ್ಟು ಇಷ್ಟ ಎಂದರೆ ಹೇಗೆ?

ತಪ್ಪೆಲ್ಲ ಪುಟಗಳದ್ದೇ ಅಲ್ಲ. ಎಂಟನೆಯ ತರಗತಿಯ ಹುಡುಗನನ್ನು ಬ್ಯಾಂಕಿಗೆ ಕಳಿಸುತ್ತೇವೆ, ಅದೇ ವಯಸ್ಸಿನ ಹುಡುಗಿಗೆ ಸಾರಿನ ಪುಡಿಯ ಅಳತೆ ಹೇಳಿಕೊಡುತ್ತೇವೆ. ಚಲನ್ ತುಂಬುವಾಗ ಹುಡುಗನಿಗೆ ಕಾರಣಗಳೂ ಗೊತ್ತಾಗುತ್ತವೆ, ಹುಡುಗಿಗೆ ಅಳತೆ ಮಾತ್ರ ಗೊತ್ತಾಗುತ್ತದೆ. ತರಗತಿಯಲ್ಲಿ 'ಯಾಕೆ ಮಿಸ್?' ಎಂದು ಕೈಯೆತ್ತುವ ಹುಡುಗಿಯರನ್ನು ನಾನು ನೋಡುತ್ತಲೇ ಬಂದಿದ್ದೇನೆ. ಹತ್ತು ವರ್ಷ ಕಳೆದು ಮದುವೆಯಾಗಿ ಬಂದಾಗ ಅವರೇ 'ಅವರೇ ನೋಡ್ಕೋತಾರೆ ಮಿಸ್' ಎನ್ನುತ್ತಾರೆ. ನಡುವೆ ಆ ಕೈಯನ್ನು ಕೆಳಗಿಳಿಸಿದವರು ಯಾರು?

ಗೆಳತಿಯರೇ, ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಪಾಸ್‌ಬುಕ್ಕನ್ನು ನೀವೇ ತೆಗೆದುಕೊಂಡು ಹೋಗಿ ನಮೂದು ಮಾಡಿಸಿ. ಖಾತೆಗೆ ಯಾರ ನಂಬರ್ ಇದೆ, ನಾಮಿನಿ ಯಾರು ಎಂದು ಕೇಳಿ. ನಿಮ್ಮದಲ್ಲದ ನಂಬರ್ ಇದ್ದರೆ ಬದಲಿಸಲು ಅಲ್ಲೇ ಅರ್ಜಿ ಕೊಡಿ. 'ಯಾಕೆ ಮೇಡಂ, ಮನೇಲಿ ಏನಾದ್ರೂ ತೊಂದರೆನಾ?' ಎಂದು ಕೌಂಟರಿನವರು ಕೇಳಿದರೆ, ತೊಂದರೆಯೇನಿಲ್ಲ, ಖಾತೆ ನನ್ನದು ಎನ್ನಿ.