ಡ್ರಿಪ್ ಬಾಟ್ಲಿಯ ಬ್ಯಾಚ್ ನಂಬರ್ ಕೇಸ್ ಶೀಟಿನಲ್ಲಿ ಬರೆಯಿರಿ!

ಹಿಂದೂಪುರ, ಕಲ್ಯಾಣದುರ್ಗದ ತಾಯಂದಿರೇ, ಅಣ್ಣತಮ್ಮಂದಿರೇ,

2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರ ಸ್ಥಿತಿ ಒಬ್ಬರ ಹಿಂದೊಬ್ಬರಂತೆ ಹದಗೆಟ್ಟಿತು. ಕಿಡ್ನಿ ಕೆಲಸ ನಿಲ್ಲಿಸಿತು, ಉಳಿದ ಅಂಗಗಳೂ ಸೋತವು. ಐವರು ತೀರಿಕೊಂಡರು. ಹಸುಗೂಸುಗಳು ತಬ್ಬಲಿಯಾದವು. ಅನುಮಾನ ಬಿದ್ದದ್ದು ಆಪರೇಷನ್ ವೇಳೆ ಏರಿಸಿದ ರಿಂಗರ್ ಲ್ಯಾಕ್ಟೇಟ್, ಅಂದರೆ ಆರ್‌ಎಲ್ ಬಾಟ್ಲಿಗಳ ಮೇಲೆ. ಅವನ್ನು ತಯಾರಿಸಿದ ಪಶ್ಚಿಮ ಬಂಗಾಳದ ಕಂಪನಿಯ ಕೆಲವು ಬ್ಯಾಚುಗಳ ಬಗ್ಗೆ ಕರ್ನಾಟಕದ ಲ್ಯಾಬ್ ಒಂದು ಹೇಳಿದರೆ ಕೇಂದ್ರದ ಲ್ಯಾಬ್ ಇನ್ನೊಂದು ಹೇಳಿತ್ತು. ಸಾವುಗಳಾದ ಮೇಲೆ ಕರ್ನಾಟಕ ಸರ್ಕಾರ ಆ ಆರ್‌ಎಲ್ ಬಳಕೆ ತಡೆಯಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. 2025ರ ಜನವರಿಯಲ್ಲಿ ಬಂಗಾಳದ ಮೇದಿನೀಪುರದಲ್ಲೂ ಬಾಣಂತಿಯೊಬ್ಬರು ಸತ್ತಾಗ ಅದೇ ಕಂಪನಿಯ ಆರ್‌ಎಲ್ ಮೇಲೆ ದೂರು ಬಂತು.

ಬಳ್ಳಾರಿ ನಮಗೆ ಪರವೂರಲ್ಲ. ಕಲ್ಯಾಣದುರ್ಗದವರು ಕಾಯಿಲೆಗೆ ಅಲ್ಲಿಗೆ ಹೋಗುತ್ತಾರೆ, ಹಿಂದೂಪುರದವರು ಬೆಂಗಳೂರಿಗೆ ಓಡುತ್ತಾರೆ. ಆಂಧ್ರ-ಕರ್ನಾಟಕದ ಗಡಿ ನಕ್ಷೆಯಲ್ಲಷ್ಟೇ ಇದೆ. ಔಷಧದ ಲಾರಿಗೆ ಗಡಿಯಿಲ್ಲ.

ಆರ್‌ಎಲ್ ಬೇಡವೆನ್ನಬೇಡಿ. ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಲವಣಗಳು ಮತ್ತು ಲ್ಯಾಕ್ಟೇಟ್ ಸೇರಿದ ಈ ದ್ರಾವಣ ರಕ್ತ ಹೋದಾಗ ಬಿ.ಪಿ. ಬೀಳದಂತೆ ಹಿಡಿದು ಜೀವ ಉಳಿಸುತ್ತದೆ. ಆದರೆ ನೇರ ರಕ್ತಕ್ಕೇ ಸೇರುವುದರಿಂದ ಅದರಲ್ಲಿ ಚೂರು ಕಲ್ಮಶವೂ ಇರಬಾರದು. ತಯಾರಿಸುವಾಗ ಬ್ಯಾಕ್ಟೀರಿಯಾ ಸೇರಿಕೊಂಡರೆ ಕಾಯಿಸಿ ಕೊಂದರೂ ಅವು ಬಿಟ್ಟ ವಿಷ, ಎಂಡೋಟಾಕ್ಸಿನ್, ಉಳಿದುಬಿಡುತ್ತದೆ. ನೀರು ತಿಳಿಯಾಗಿಯೇ ಕಾಣುತ್ತದೆ. ಆ ವಿಷ ರಕ್ತಕ್ಕೆ ಸೇರಿದರೆ ಚಳಿ ನಡುಕ, ಜ್ವರ ಬರುತ್ತವೆ, ಬಿ.ಪಿ. ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ.

ಥಿಯೇಟರಿನ ಬಾಗಿಲು ಹಾಕಿದ ಮೇಲೆ ಒಳಗೆ ಯಾವ ಬಾಟ್ಲಿ ನೇತುಹಾಕಿದರೆಂದು ಮನೆಯವರಿಗೆ ಗೊತ್ತಾಗುವುದಿಲ್ಲ. ಖಾಲಿಯಾದ ಬಾಟ್ಲಿ ಕಸದ ಬುಟ್ಟಿಗೆ ಹೋಗುತ್ತದೆ. ಮರುದಿನ ಏನಾದರೂ ಆದರೆ ಸಾಕ್ಷಿಯೇ ಇರುವುದಿಲ್ಲ. ಬ್ಯಾಚ್ ನಂಬರ್ ಕೇಸ್ ಶೀಟಿನಲ್ಲಿ ಬರೆದಿದ್ದರೆ ಮಾತ್ರ ಅದೇ ಬ್ಯಾಚಿನ ಉಳಿದ ಬಾಟ್ಲಿಗಳನ್ನು ಆ ಗಳಿಗೆಯಲ್ಲೇ ತಡೆಯಬಹುದು, ಇನ್ನೊಬ್ಬ ತಾಯಿಯನ್ನು ಉಳಿಸಬಹುದು.

ನಮ್ಮ ಬೇಡಿಕೆಗಳು:

1. ಸರ್ಕಾರಿ ಇರಲಿ, ಖಾಸಗಿ ಇರಲಿ, ಏರಿಸಿದ ಪ್ರತಿ ಬಾಟ್ಲಿಯ ಕಂಪನಿ, ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖು ಕೇಸ್ ಶೀಟಿನಲ್ಲೂ ಡಿಸ್ಚಾರ್ಜ್ ಚೀಟಿಯಲ್ಲೂ ಇರಬೇಕು.

2. ರೋಗಿಗೆ ನಡುಕ ಬಂದರೆ ಡ್ರಿಪ್ ನಿಲ್ಲಿಸಿ, ಬಾಟ್ಲಿಯನ್ನೂ ಪೈಪನ್ನೂ ಎಸೆಯದೆ ಎತ್ತಿಟ್ಟು ಡ್ರಗ್ ಇನ್ಸ್‌ಪೆಕ್ಟರಿಗೆ ತಿಳಿಸಬೇಕು.

3. ಕರ್ನಾಟಕದಲ್ಲಿ ತಡೆದ ಬ್ಯಾಚಿನ ವಿವರ ಅದೇ ದಿನ ಅನಂತಪುರ, ಶ್ರೀ ಸತ್ಯಸಾಯಿ ಜಿಲ್ಲೆಗಳ ಆಸ್ಪತ್ರೆಗಳಿಗೂ ಮೆಡಿಕಲ್ ಶಾಪುಗಳಿಗೂ ತಲುಪಬೇಕು. ಇಲ್ಲಿಂದ ಅಲ್ಲಿಗೂ ಹಾಗೆಯೇ. ಎಚ್ಚರಿಕೆಯ ಬೋರ್ಡು ತೆಲುಗಿನ ಜೊತೆಗೆ ಕನ್ನಡದಲ್ಲೂ ಇರಲಿ.

ನೀವು ಮಾಡಬೇಕಾದ್ದು: ವಾರ್ಡಿನಲ್ಲಿ ಡ್ರಿಪ್ ಹಾಕುವ ಮುಂಚೆ ಬಾಟ್ಲಿಯನ್ನು ಬೆಳಕಿಗೆ ಹಿಡಿದು ತೋರಿಸಲು ಸಿಸ್ಟರನ್ನು ಕೇಳಿ. ನೀರು ಕದಡಿದ್ದರೆ, ಕಣ ತೇಲುತ್ತಿದ್ದರೆ, ಅದುಮಿದಾಗ ಸೋರಿದರೆ ಬೇಡವೆನ್ನಿ. ಲೇಬಲ್ಲಿನ ಫೋಟೋ ತೆಗೆದಿಟ್ಟುಕೊಳ್ಳಿ. ಔಷಧದಿಂದ ತೊಂದರೆಯಾದರೆ 1800-180-3024ಕ್ಕೆ ಫೋನ್ ಮಾಡಿ; ಕರೆ ಉಚಿತ.

ಡಾಕ್ಟರು, ನರ್ಸುಗಳು ನಮ್ಮ ವೈರಿಗಳಲ್ಲ. ಕೆಟ್ಟ ಬಾಟ್ಲಿ ಬಂದರೆ ಮೊದಲು ಬೈಸಿಕೊಳ್ಳುವವರು ಅವರೇ. ಬರೆದಿಟ್ಟ ನಂಬರ್ ಅವರನ್ನೂ ಕಾಯುತ್ತದೆ. ಇದಕ್ಕೆ ಬೇಕಾದ್ದು ಒಂದು ಪೆನ್ನು, ಒಂದು ಸಾಲು. ಇಂದೇ ನಿಮ್ಮ ಆಸ್ಪತ್ರೆಯ ಸೂಪರಿಂಟೆಂಡೆಂಟರಿಗೆ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಓದಿ, ಇನ್ನೊಬ್ಬರಿಗೆ ಕೊಡಿ.